ಅಪ್‌ಡೇಟ್: ಸಿಲ್ವರ್ ಮರ ಬಿದ್ದ ಮನೆಯ ಕ್ಲೇಮು ಕೊನೆಗೂ ಸಿಕ್ಕಿತು

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಗಾಳಿ ಮಳೆಗೆ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಅಡುಗೆ ಕೋಣೆ ಮೇಲೆ ಸಿಲ್ವರ್ ಮರ ಬಿತ್ತು, ಪಕಾಸು (ಹೆಂಚಿನ ಮಾಡು ಹೊರುವ ಮರದ ತೊಲೆ) ಮೊದಲೇ ಕೊಳೆತಿತ್ತು ಅಂತ ವಿಮೆ ಕಂಪನಿ ಕ್ಲೇಮು ತಿರಸ್ಕರಿಸಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನಮ್ಮನ್ನು ಉಳಿಸಿದ್ದು ಮುರಿದ ಪಕಾಸಿನ ತುಂಡು. ಬಡಗಿ ಅದನ್ನು ಒಲೆಗೆ ಹಾಕೋಕೆ ಹೊರಟಿದ್ದರು, ನಾನೇ ತಡೆದೆ. ಮುರಿದ ಜಾಗದಲ್ಲಿ ಮರ ಗಟ್ಟಿಯಾಗಿ, ಕೆಂಪಗೆ ಇತ್ತು. ಗೆದ್ದಲಿನ ಒಂದು ತೂತೂ ಇಲ್ಲ. ಆ ಫೋಟೋ, ಬಿದ್ದ ಮರ ಕಡಿಯುವ ಮೊದಲು ತೆಗೆದ ಫೋಟೋಗಳು, ಎಲ್ಲಾ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆದೆ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ವಿಮೆ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಲೋಕಪಾಲರ ಹತ್ತಿರ ಹೋಗ್ತೀನಿ ಅಂತಲೂ ಬರೆದೆ. ಅಲ್ಲಿ ದೂರು ಕೊಡೋಕೆ ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ. ಅಷ್ಟು ದೂರ ಹೋಗಬೇಕಾಗಲಿಲ್ಲ. ನಷ್ಟ ನೋಡೋಕೆ ಕಂಪನಿ ಕಡೆಯಿಂದ ಎರಡನೇ ಸರ್ವೇಯರ್ ಬಂದರು, ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಒಪ್ಪಿದರು.

ಇನ್ನೊಂದು ವಿಷಯ. ನಮ್ಮದು ಭಾರತ್ ಗೃಹ ರಕ್ಷಾ ಪಾಲಿಸಿ. ಅದರಲ್ಲಿ ಅವಶೇಷ ತೆಗೆಯುವ ಖರ್ಚಿಗೂ ಕ್ಲೇಮಿನ 2% ತನಕ ಸಿಗುತ್ತೆ. ಕೇಳದಿದ್ದರೆ ಅದು ಹೋಗ್ತಿತ್ತು ಅಲ್ವಾ?

ಹೊಸ ಪಕಾಸು, ಹೆಂಚು ಕೂರಿಸುವ ರೀಪು ಆಯ್ತು. ಹಳೇ ಮಂಗಳೂರು ಹೆಂಚಿಗೆ ಹೊಂದುವ ಅಳತೆ ಹುಡುಕೋದೇ ಜಾಸ್ತಿ ಕಷ್ಟ ಆಯ್ತು. ನಿನ್ನೆ ಜೋರು ಮಳೆ ಬಂತು. ಅಮ್ಮ ಒಲೆ ಮುಂದೆ ನಿಂತು ತುಂಬಾ ಹೊತ್ತು ಮೇಲೆ ನೋಡಿದರು. ಒಂದು ಹನಿಯೂ ಸೋರಲಿಲ್ಲ.