ಪ್ರಶ್ನೋತ್ತರ: ಒಬ್ಬ ಗುಲಾಮನ ಆತ್ಮಕಥೆ ನಿಜಕ್ಕೂ ಕಾನೂನನ್ನು ಬದಲಾಯಿಸಿತೇ?

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ): ತರಗತಿಯಲ್ಲಿ ಕೊಟ್ಟ ಟಿಪ್ಪಣಿಯಲ್ಲಿ ಒಲಾಡಾ ಎಕ್ವಿಯಾನೋ ಬಗ್ಗೆ ಇರುವುದು ಒಂದೇ ವಾಕ್ಯ. 1789ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಆತ್ಮಕಥೆ ಬ್ರಿಟನ್ನಿನ ಗುಲಾಮರ ವ್ಯಾಪಾರ ನಿಲ್ಲಲು ಕಾರಣವಾಯಿತು ಎಂದು. ಆದರೆ ವ್ಯಾಪಾರ ನಿಷೇಧವಾದದ್ದು 1807ರಲ್ಲಿ. ನಡುವಿನ 18 ವರ್ಷ ಆ ಪುಸ್ತಕ ಏನು ಮಾಡುತ್ತಿತ್ತು?

ಉತ್ತರ (ಇತಿಹಾಸ ಅಧ್ಯಾಪಕ): ‘ಕಾರಣವಾಯಿತು’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ನಿಮ್ಮ ಅನುಮಾನ ಸರಿಯಾಗಿದೆ. ಪುಸ್ತಕ ಬಂದ ಎರಡೇ ವರ್ಷಕ್ಕೆ, 1791ರಲ್ಲಿ, ಸಂಸದ ವಿಲ್ಬರ್‌ಫೋರ್ಸ್ ತಂದ ನಿಷೇಧದ ಪ್ರಸ್ತಾವ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 88ಕ್ಕೆ 163 ಮತಗಳಿಂದ ಬಿದ್ದುಹೋಯಿತು. ಪುಸ್ತಕ ಓದಿ ಸಂಸದರ ಮನಸ್ಸು ಕರಗಿತು ಎನ್ನುವವರು ಈ ಸಂಖ್ಯೆಗಳನ್ನು ನೋಡುವುದಿಲ್ಲ.

ಹಾಗಾದರೆ ಅದು ಮಾಡಿದ್ದೇನು? ಅಲ್ಲಿಯವರೆಗೆ ಗುಲಾಮರನ್ನು ಸಾಗಿಸುವ ಹಡಗಿನ ಒಳಗಿನ ಸಂಗತಿಯನ್ನು ಹೇಳುತ್ತಿದ್ದವರು ನಾವಿಕರು, ಹಡಗಿನ ವೈದ್ಯರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಕುದುರೆಯೇರಿ ಬಂದರುಗಳಲ್ಲಿ ಅಲೆದು ಅಂಥವರ ಮಾತನ್ನು ಬರೆದುಕೊಳ್ಳುತ್ತಿದ್ದರು. ಸರಪಳಿ ತೊಟ್ಟವನ ಮಾತು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಎಕ್ವಿಯಾನೋನ ಗೆಳೆಯ ಒಟೊಬಾ ಕುಗುವಾನೋ 1787ರಲ್ಲೇ ಒಂದು ಪುಸ್ತಕ ಬರೆದಿದ್ದ. ಆದರೆ ಅದು ಹೆಚ್ಚಾಗಿ ವಾದ. ಎಕ್ವಿಯಾನೋ ಬರೆದದ್ದು ಬದುಕಿನ ಕತೆ. ಅದರಲ್ಲಿ ಮೀನಿನ ಒಂದು ಪ್ರಸಂಗ ಬರುತ್ತದೆ. ಹಡಗಿನವರು ಒಂದು ದಿನ ಬೇಕಾದಷ್ಟು ಮೀನು ಹಿಡಿದು, ತಮಗೆ ಸಾಕೆನಿಸುವಷ್ಟು ತಿಂದರು. ಡೆಕ್ಕಿನ ಮೇಲಿದ್ದ ಬಂದಿಗಳು ಉಳಿದದ್ದು ತಮಗೆ ಸಿಗಬಹುದೆಂದು ನೋಡುತ್ತಿದ್ದರು, ಬೇಡಿಕೊಂಡರು ಕೂಡ. ಉಳಿದ ಮೀನನ್ನು ಹಡಗಿನವರು ಸಮುದ್ರಕ್ಕೆ ಎಸೆದುಬಿಟ್ಟರು. ಚಾಟಿಯೇಟಿನ ವರ್ಣನೆ ಆ ಪುಸ್ತಕದಲ್ಲಿ ಬೇಕಾದಷ್ಟಿದೆ. ನನಗೆ ಮರೆಯಲಾಗದಿರುವುದು ಈ ಮೀನು. ಹಸಿದವನ ಎದುರು ಅನ್ನ ಚೆಲ್ಲಿದ ಹಾಗೆ. ಲಾಭನಷ್ಟದ ಯಾವ ಲೆಕ್ಕದಿಂದಲೂ ಅದನ್ನು ಸಮರ್ಥಿಸಲು ಬರುವುದಿಲ್ಲ.

ಇನ್ನೊಂದು ಮಾತು. ಪುಸ್ತಕ ತಾನಾಗಿ ನಡೆದುಕೊಂಡು ಯಾರ ಮನೆಗೂ ಹೋಗಲಿಲ್ಲ, ಎಕ್ವಿಯಾನೋ ಹೊತ್ತುಕೊಂಡು ಹೋದ. ಪ್ರಕಾಶಕರಿಗೆ ಹಕ್ಕು ಮಾರದೆ, ಮೊದಲೇ ಚಂದಾದಾರರನ್ನು ಹಿಡಿದು ಅಚ್ಚು ಹಾಕಿಸಿದ. ಮೊದಲ ಮುದ್ರಣದ ಚಂದಾದಾರರ ಪಟ್ಟಿಯಲ್ಲಿ 311 ಹೆಸರುಗಳಿವೆ, ವೇಲ್ಸ್ ರಾಜಕುಮಾರನದೂ ಸೇರಿ. ಆಮೇಲೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಸುತ್ತಿದ. ಐರ್ಲೆಂಡಿನಲ್ಲೇ 1,900 ಪ್ರತಿ ಮಾರಿದೆನೆಂದು ಅವನೇ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. 1794ರ ಹೊತ್ತಿಗೆ ಒಂಬತ್ತು ಮುದ್ರಣ. ಅವನು ಕಾಲಿಟ್ಟ ಊರಿನಲ್ಲಿ ಓದುಗರು ಪುಸ್ತಕವನ್ನೂ ಕಂಡರು, ಬರೆದವನನ್ನೂ ಕಂಡರು. ‘ಕರಿಯರಿಗೆ ಬುದ್ಧಿಯಿಲ್ಲ’ ಎಂದು ವಾದಿಸುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇಕೇ?

ಇದೇ ವರ್ಷಗಳಲ್ಲಿ ಲಕ್ಷಾಂತರ ಜನ ಗುಲಾಮರ ದುಡಿಮೆಯಿಂದ ಬಂದ ವೆಸ್ಟ್ ಇಂಡೀಸಿನ ಸಕ್ಕರೆ ತಿನ್ನುವುದನ್ನು ಬಿಟ್ಟರು. 1792ರಲ್ಲಿ ಸಂಸತ್ತಿಗೆ 519 ಮನವಿಗಳು ಬಂದವು, ಸುಮಾರು 3,90,000 ಸಹಿಗಳೊಂದಿಗೆ. ಇದರಲ್ಲಿ ಪುಸ್ತಕದ ಪಾಲೆಷ್ಟು, ಕ್ಲಾರ್ಕ್‌ಸನ್ನರ ಕುದುರೆ ಸವಾರಿಯ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಲಾಗದು. ಆ ವರ್ಷ ಕಾಮನ್ಸ್ ಸಭೆ ‘ಹಂತಹಂತವಾಗಿ’ ನಿಲ್ಲಿಸಲು ಒಪ್ಪಿತು, ಮೇಲ್ಮನೆಯಾದ ಲಾರ್ಡ್ಸ್ ಸಭೆ ಎಳೆದಾಡಿತು. 1793ರಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ಶುರುವಾದ ಮೇಲೆ ಸುಧಾರಣೆ ಎಂದವರೆಲ್ಲ ಕ್ರಾಂತಿಕಾರಿಗಳಂತೆ ಕಾಣತೊಡಗಿದರು. ನಿಮ್ಮ 18 ವರ್ಷಗಳಲ್ಲಿ ಹೆಚ್ಚಿನವು ಹೋದದ್ದು ಅಲ್ಲಿ. ಕೊನೆಗೆ 1807ರಲ್ಲಿ ಕಾಮನ್ಸ್ ಸಭೆ 16ರ ವಿರುದ್ಧ 283 ಮತಗಳಿಂದ ಒಪ್ಪಿತು. ಎಕ್ವಿಯಾನೋ ಅದನ್ನು ನೋಡಲಿಲ್ಲ, 1797ರಲ್ಲೇ ತೀರಿಕೊಂಡಿದ್ದ.

ಪ್ರತಿಕ್ರಿಯೆ (ಸದಸ್ಯರೊಬ್ಬರು): ಅವನು ಆಫ್ರಿಕಾದಲ್ಲಿ ಹುಟ್ಟಿಯೇ ಇರಲಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಹಡಗು, ಮೀನು ಎಲ್ಲವೂ ಕಟ್ಟುಕತೆಯಲ್ಲವೇ?

ಉತ್ತರ: ಅನುಮಾನಕ್ಕೆ ಆಧಾರವಿದೆ. ಸಂಶೋಧಕ ವಿನ್ಸೆಂಟ್ ಕರೆಟ್ಟಾ ಎರಡು ದಾಖಲೆಗಳನ್ನು ಮುಂದಿಟ್ಟರು. 1759ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಚರ್ಚಿನಲ್ಲಿ ಬರೆದ ದೀಕ್ಷಾಸ್ನಾನದ ನಮೂದು ಒಂದು, 1773ರ ಉತ್ತರ ಧ್ರುವ ಯಾನದ ಹಡಗಿನ ಹಾಜರಿ ಪುಸ್ತಕ ಇನ್ನೊಂದು. ಎರಡರಲ್ಲೂ ಹುಟ್ಟೂರು ಅಮೆರಿಕದ ಕ್ಯಾರೊಲಿನಾ. ವಿದ್ವಾಂಸರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, 12 ವರ್ಷದ ಗುಲಾಮ ಹುಡುಗನ ಹುಟ್ಟೂರನ್ನು ಯಾರೋ ಹೇಳಿ ಯಾರೋ ಬರೆದ ನಮೂದನ್ನು ವೇದವಾಕ್ಯ ಮಾಡಬೇಕಿಲ್ಲ. ಹಡಗಿನ ಹಾಜರಿ ಪುಸ್ತಕ ಮಾತ್ರ ಕಷ್ಟದ್ದು. ಆಗ ಅವನು ಸ್ವತಂತ್ರ, ವಯಸ್ಕ.

ಈ ಆರೋಪ ಅವನ ಕಾಲದಲ್ಲೇ ಹುಟ್ಟಿತ್ತು ಎಂಬುದನ್ನೂ ನೆನಪಿಡಿ. 1792ರಲ್ಲಿ ಲಂಡನ್ನಿನ ಎರಡು ಪತ್ರಿಕೆಗಳು ಅವನು ಹುಟ್ಟಿದ್ದು ವೆಸ್ಟ್ ಇಂಡೀಸಿನ ಡೇನಿಷ್ ದ್ವೀಪದಲ್ಲಿ ಎಂದು ಬರೆದವು. ಪುಸ್ತಕ ಯಾರಿಗೂ ನಾಟದೆ ಹೋಗಿದ್ದರೆ ಅದರ ಲೇಖಕನ ಹುಟ್ಟೂರಿನ ಬೆನ್ನು ಹತ್ತುವ ಅಗತ್ಯವೇ ಇರಲಿಲ್ಲ. ಅವನೇನೂ ದೇವರಂಥ ಮನುಷ್ಯನಲ್ಲ. ಬಿಡುಗಡೆಯಾಗಿ ಹತ್ತು ವರ್ಷದ ಮೇಲೆ, ಮಧ್ಯ ಅಮೆರಿಕದ ಮಸ್ಕೀಟೋ ಕರಾವಳಿಯ ತೋಟವೊಂದಕ್ಕೆ ಗುಲಾಮರನ್ನು ಆರಿಸಿಕೊಟ್ಟವನು ಅವನೇ. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ.

ಪ್ರತಿಕ್ರಿಯೆ (ಮಂಗಳೂರಿನ ಸದಸ್ಯರು): 1833ರಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಗುಲಾಮಗಿರಿಯೇ ರದ್ದಾಯಿತಲ್ಲ, ನಮ್ಮ ಕಡೆಗೂ ಅದು ಅನ್ವಯಿಸಿತೇ?

ಉತ್ತರ: ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿದ್ದರು. ನಿಮ್ಮ ಕೆನರಾ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು, ಆದ್ದರಿಂದ ಅದೂ ಹೊರಗೆ. ಇಲ್ಲಿಗೆ ಬಂದದ್ದು 1843ರ 5ನೆಯ ಕಾಯ್ದೆ. ಅದೂ ಗುಲಾಮನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದು ಎಂದಿತೇ ಹೊರತು, ಇಟ್ಟುಕೊಂಡವನಿಗೆ ಶಿಕ್ಷೆ ವಿಧಿಸಲಿಲ್ಲ. ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1860ರ ದಂಡಸಂಹಿತೆಯಿಂದ. ಜೀತದ ಕತೆ ಬೇರೆ, ಉದ್ದವೂ ಹೌದು. ಅದಕ್ಕೆ ಪ್ರತ್ಯೇಕ ಪ್ರಶ್ನೆ ಹಾಕಿ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ): ಧನ್ಯವಾದ ಸರ್. ಕೊನೆಯದಾಗಿ, ಅವನು ಬಿಡುಗಡೆಯಾದದ್ದು ಹೇಗೆ? ತಪ್ಪಿಸಿಕೊಂಡನೇ?

ಉತ್ತರ: ಇಲ್ಲ, ದುಡ್ಡು ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಬಂಡವಾಳ ಮೂರು ಪೆನ್ಸ್. ವ್ಯಾಪಾರದ ಹಡಗಿನಲ್ಲಿ ದುಡಿಯುತ್ತಿದ್ದಾಗ ಡಚ್ಚರ ಸೇಂಟ್ ಯುಸ್ಟೇಷಿಯಸ್ ದ್ವೀಪದಲ್ಲಿ ಒಂದು ಗಾಜಿನ ಲೋಟ ಕೊಂಡು, ಮಾಂಟ್ಸೆರಾಟ್‌ನಲ್ಲಿ ಆರು ಪೆನ್ಸಿಗೆ ಮಾರಿದ. ಮುಂದಿನ ಸಲ ಎರಡು ಲೋಟ. ಹೀಗೆ ಹಣ್ಣು, ಮದ್ಯ, ಸಿಕ್ಕಿದ್ದನ್ನೆಲ್ಲ ಮಾರಿ ಕೂಡಿಹಾಕಿದ. ನಡುವೆ ಬಿಳಿಯರು ಅವನ ಸರಕು ಕಸಿದುಕೊಂಡದ್ದೂ ಉಂಟು. ದೂರು ಕೊಡಲು ಕರಿಯನಿಗೆ ನ್ಯಾಯಾಲಯವಿರಲಿಲ್ಲ.

ಅವನ ಒಡೆಯ ರಾಬರ್ಟ್ ಕಿಂಗ್ ಕ್ರೈಸ್ತರ ಕ್ವೇಕರ್ ಪಂಥದ ವರ್ತಕ. ತಾನು ಕೊಟ್ಟ 40 ಪೌಂಡ್ ವಾಪಸು ಬಂದರೆ ಬಿಡುತ್ತೇನೆಂದು ಮಾತು ಕೊಟ್ಟಿದ್ದ. 1766ರಲ್ಲಿ ಎಕ್ವಿಯಾನೋ ಹಣ ತಂದಿಟ್ಟಾಗ ಕಿಂಗ್ ಹೌಹಾರಿದ. ಇಷ್ಟು ಬೇಗ ಕೂಡಿಸುತ್ತಾನೆಂದು ಗೊತ್ತಿದ್ದರೆ ಮಾತು ಕೊಡುತ್ತಲೇ ಇರಲಿಲ್ಲ ಎಂದ. ಪಕ್ಕದಲ್ಲಿದ್ದ ಹಡಗಿನ ಕಪ್ತಾನ, ಇವನು ನಿನಗೆ ವರ್ಷಕ್ಕೆ ನೂರು ಪೌಂಡಿಗಿಂತ ಹೆಚ್ಚು ದುಡಿದುಕೊಟ್ಟಿದ್ದಾನೆ, ಹಾಕಿದ ದುಡ್ಡಿಗೆ ಬಡ್ಡಿ ಬಂದಾಯಿತು, ಬಿಟ್ಟುಬಿಡು ಎಂದು ಸಮಾಧಾನ ಹೇಳಿದ. ಎಕ್ವಿಯಾನೋ ಓಡಿದ್ದು ನೋಂದಣಿ ಕಚೇರಿಗೆ. ಅಲ್ಲಿನ ಅಧಿಕಾರಿ ಶುಭ ಕೋರಿ, ಬಿಡುಗಡೆ ಪತ್ರ ಬರೆಯುವ ಶುಲ್ಕದಲ್ಲಿ ಅರ್ಧ ಬಿಟ್ಟು ಒಂದು ಗಿನಿ (ಒಂದು ಪೌಂಡಿಗಿಂತ ತುಸು ಹೆಚ್ಚು) ಮಾತ್ರ ತೆಗೆದುಕೊಂಡ.