23 ದಿನ, 19 ಮನೆ: ಈ ಸಲವಾದರೂ ಅಪ್ಪನ ಜೊತೆ ಇರಬೇಕು, ಹೇಗೆ ಹಂಚಲಿ?

ಕಿಟಕಿಸೀಟು:

ಎಲ್ಲರಿಗೂ ನಮಸ್ಕಾರ. ನಾನು ಹೊರದೇಶಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಎರಡು ವರ್ಷಕ್ಕೊಮ್ಮೆ, ಮಕ್ಕಳ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬರುತ್ತೇವೆ. ಈ ಸಲ ಸಿಕ್ಕಿರುವುದು 26 ದಿನ. ಪ್ರಯಾಣ ಕಳೆದರೆ 23.

ಹೋದ ಸಲದ್ದು ಹೇಳಿಬಿಡುತ್ತೇನೆ. ಹೊರಡುವ ಮೊದಲೇ ಪಟ್ಟಿ ಮಾಡಿದ್ದೆ. ಅತ್ತೆ ಮನೆ, ಇಬ್ಬರು ಚಿಕ್ಕಮ್ಮಂದಿರು, ಸೋದರಮಾವ, ಗಂಡನ ಕಡೆಯವರು, ಕಾಲೇಜಿನ ಗೆಳತಿಯರು, ಮೊದಲು ಕೆಲಸ ಮಾಡಿದ ಕಡೆಯ ಸ್ನೇಹಿತರು. ಒಟ್ಟು ಹತ್ತೊಂಬತ್ತು ಮನೆ. ಹತ್ತೊಂಬತ್ತಕ್ಕೂ ಹೋದೆ. ಎಲ್ಲ ಕಡೆ ಅದೇ ನಾಲ್ಕು ಮಾತು: ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ, ಮಕ್ಕಳು ಎಷ್ಟನೇ ಕ್ಲಾಸು, ವಾಪಸ್ ಯಾವಾಗ. ಮಾತಿಗೆ ಒಂದು ಗಂಟೆ, ದಾರಿಗೆ ಎರಡು ಗಂಟೆ. ಐದನೇ ಮನೆ ಹೊತ್ತಿಗೆ ಸಣ್ಣವಳು ಕಾರಿಂದ ಇಳಿಯಲು ಒಪ್ಪಲಿಲ್ಲ. ಸೀಟು ಬಿಗಿಯಾಗಿ ಹಿಡಿದುಕೊಂಡು ಅತ್ತಳು.

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಗುತ್ತಿದ್ದೆ. ಅಪ್ಪ ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದರು. "ನೀನು ಬಂದಿದ್ದೇ ಗೊತ್ತಾಗಲಿಲ್ಲ ಕಣಮ್ಮ" ಅಂದರು. ದೂರುವ ದನಿ ಇರಲಿಲ್ಲ. ಮಳೆ ನಿಂತಿತು ಅಂತ ಹೇಳುವ ಹಾಗೆ ಹೇಳಿದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅದೇ ರಾತ್ರಿ ಅವರ ಮಾತ್ರೆ ಡಬ್ಬಿ ಕಣ್ಣಿಗೆ ಬಿತ್ತು. ವಾರಕ್ಕೆ ಏಳು ಖಾನೆ ಇರುವ ಡಬ್ಬಿ. ಅವತ್ತು ಬುಧವಾರ. ಸೋಮವಾರದ ಖಾನೆ ಹಾಗೇ ತುಂಬಿತ್ತು, ಗುರುವಾರದ್ದು ಖಾಲಿ. ಮುಚ್ಚಳದ ಮೇಲಿನ ಅಕ್ಷರ ಸವೆದು ಹೋಗಿತ್ತು. ವಿಡಿಯೊ ಕಾಲ್‌ನಲ್ಲಿ "ಮಾತ್ರೆ ತಗೊಂಡ್ರಾ ಅಪ್ಪ" ಅಂತ ದಿನಾ ಕೇಳುತ್ತೇನೆ, ದಿನಾ "ಹೂಂ" ಅಂತಾರೆ. ಅದೇ ಮನೆಯಲ್ಲಿ ಅಷ್ಟು ದಿನ ಮಲಗಿ ಎದ್ದವಳು ಕೊನೆಯ ರಾತ್ರಿ ಅದನ್ನು ನೋಡಿದೆ.

ಈ ಸಲ ಹಾಗಾಗಬಾರದು. ಆದರೆ ಯಾರ ಮನೆಗೂ ಬರಲ್ಲ ಅಂದರೆ ಜನ ನೊಂದುಕೊಳ್ಳುತ್ತಾರೆ. ಅವರೂ ಬೇಕಾದವರೇ. ಮದುವೆಯಾದ ಹೊಸದರಲ್ಲಿ ಕೈಹಿಡಿದವರು, ಅಮ್ಮ ಹೋದಾಗ ಓಡಿ ಬಂದವರು. ನೀವೆಲ್ಲ ಹೇಗೆ ಮಾಡುತ್ತೀರಿ? ಇನ್ನೊಂದು, ನಾನು ಊರಿಗೆ ಪಶ್ಚಿಮ ದಿಕ್ಕಿಗೆ ಹಾರಿ ಬರಬೇಕು. ಮೊದಲ ವಾರ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ, ರಾತ್ರಿ ಮೂರಕ್ಕೆ ಎಚ್ಚರ. ಆ ವಾರ ಸುಮ್ನೆ ಹಾಳಾಗುತ್ತದೆ. ಅದಕ್ಕೇನಾದರೂ ದಾರಿ ಇದೆಯಾ?

ಎರಡುಚೀಲ:

ಹತ್ತೊಂಬತ್ತು ಮನೆ ಅಂದ್ರಲ್ಲ, ಓದಿಯೇ ಸುಸ್ತಾಯ್ತು ಮೇಡಂ. ನಮ್ಮದೂ ಹಾಗೇ ಇತ್ತು. ಈಗ ಎರಡನೇ ಶನಿವಾರ ಅಪ್ಪ ಅಮ್ಮನ ಮನೆಯಲ್ಲೇ ಎಲ್ಲರೂ ಸೇರುತ್ತೇವೆ. ಒಂದು ತಿಂಗಳು ಮೊದಲೇ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ಗ್ರೂಪಿಗೆ ಒಂದು ಮೆಸೇಜ್ ಹಾಕಿ ಕೈತೊಳೆದುಕೊಂಡರೆ ಜನ ಬೇಜಾರಾಗುತ್ತಾರೆ, ದನಿ ಕೇಳಿದರೆ ಆಗುವುದಿಲ್ಲ. ಬರಲು ಆಗದ ಹಿರಿಯರ ಮನೆಗೆ ಮಾತ್ರ ನಾವೇ ಹೋಗುತ್ತೇವೆ. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಅವರಿಗೂ ಅವರ ಅಣ್ಣತಮ್ಮಂದಿರನ್ನು ನೋಡಿ ಎಷ್ಟು ದಿನ ಆಗಿದೆಯೋ.

ಡಾಕ್ಟರ್ ಅಪಾಯಿಂಟ್‌ಮೆಂಟ್ ಮೊದಲ ವಾರದಲ್ಲೇ ಹಾಕಿಸಿ. ಕೊನೆಯ ವಾರ ಹೋದರೆ ರಿಪೋರ್ಟ್ ಬರುವಷ್ಟರಲ್ಲಿ ನೀವು ವಿಮಾನದಲ್ಲಿರುತ್ತೀರಿ. ನನಗೆ ಹಾಗಾಗಿದೆ.

ಇನ್ನು ಸಾಮಾನಿನ ವಿಷಯ. ಒಂದು ಸಲ ನಮ್ಮ ಚೀಲ ನಾಲ್ಕು ದಿನ ತಡವಾಗಿ ಬಂತು. ಅಪ್ಪನಿಗೆ ತಂದಿದ್ದ ಕಿವಿ ಯಂತ್ರ ಅದರಲ್ಲೇ ಇತ್ತು. ಬೇಕೇ ಬೇಕು ಅನ್ನುವುದನ್ನು ಕೈಚೀಲದಲ್ಲಿಡಿ. ಪವರ್ ಬ್ಯಾಂಕ್ ಹೇಗೂ ಕೈಚೀಲದಲ್ಲೇ ಇರಬೇಕು. ಚೀಲ ಬರಲಿಲ್ಲ ಅಂದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವಿನ ಪ್ರಯಾಣದಲ್ಲಿ, ಚೀಲ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ನಾನು ಊರಿನ ಗಡಿಬಿಡಿಯಲ್ಲಿ ಅದನ್ನು ಬಿಟ್ಟುಬಿಟ್ಟೆ, ಏನೂ ಸಿಗಲಿಲ್ಲ.

ರಾತ್ರಿಪಾಳಿ:

ನಿದ್ದೆ ಬಗ್ಗೆ ನಾನು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಅದರಿಂದ ಇದನ್ನು ಓದಿಕೊಂಡಿದ್ದೇನೆ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ಅದು ಜೀವಕೋಶದಲ್ಲಿ ಹೇಗೆ ಓಡುತ್ತದೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಹೆಚ್ಚಿನವರಲ್ಲಿ ಆ ಗಡಿಯಾರದ ಒಂದು ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ಹಾಗಾಗಿ ದಿನವನ್ನು ಎಳೆಯುವುದು ಸುಲಭ, ಮೊಟಕು ಮಾಡುವುದು ಕಷ್ಟ. ಪಶ್ಚಿಮಕ್ಕೆ ಹಾರಿದಾಗ ದಿನ ಎಳೆಯಬೇಕು. ಅಂದರೆ ಊರಿಗೆ ಬರುವಾಗ ನಿಮಗೆ ಸುಲಭದ ದಿಕ್ಕು, ವಾಪಸ್ ಹೋಗುವಾಗಲೇ ಕಷ್ಟ. ಒಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ಸಂಜೆ ಬಿಸಿಲಿರುವಾಗ ಹೊರಗೆ ಓಡಾಡಿ. ಆ ಗಡಿಯಾರ ಬೆಳಕಿನ ಮಾತನ್ನೇ ಜಾಸ್ತಿ ಕೇಳುತ್ತದೆ.

ಆದರೆ ಮೂರು ಗಂಟೆಯ ಎಚ್ಚರವನ್ನು ಹಾಳು ಅಂತ ಯಾಕೆ ಅಂದುಕೊಳ್ಳುತ್ತೀರಿ? ವಯಸ್ಸಾದವರ ಗಡಿಯಾರ ಮುಂದಕ್ಕೆ ಸರಿದಿರುತ್ತದೆ. ಬೇಗ ಮಲಗುತ್ತಾರೆ, ಬೇಗ ಏಳುತ್ತಾರೆ. ನಿಮ್ಮಪ್ಪ ನಾಲ್ಕಕ್ಕೋ ನಾಲ್ಕೂವರೆಗೋ ಎದ್ದು ಸುಮ್ನೆ ಒಬ್ಬರೇ ಕೂತಿರುತ್ತಾರೇನೋ, ಒಮ್ಮೆ ನೋಡಿ. ಆ ಹೊತ್ತಲ್ಲಿ ಫೋನ್ ಬರುವುದಿಲ್ಲ, ನೆಂಟರು ಬರುವುದಿಲ್ಲ, ಮಕ್ಕಳು ಮಲಗಿರುತ್ತಾರೆ.

ಊರಲ್ಲೇಉಳಿದವಳು:

ನಾನು ಈ ಕಡೆಯವಳು. ಅಕ್ಕ ಹೊರಗಿದ್ದಾಳೆ, ಅಪ್ಪ ಅಮ್ಮನ ಜೊತೆ ನಾನಿದ್ದೇನೆ. ಹೇಳಲೋ ಬೇಡವೋ ಅಂತ ಯೋಚಿಸಿದೆ. ನೀವು ಮನಸ್ಸು ಬಿಚ್ಚಿ ಬರೆದಿದ್ದೀರಿ, ಹಾಗಾಗಿ ನಾನೂ ಹೇಳುತ್ತೇನೆ.

ಅಕ್ಕ ಬರುವ ಎರಡು ವಾರ ಮೊದಲೇ ಮನೆಯಲ್ಲಿ ಓಡಾಟ ಶುರು. ಅಪ್ಪ ದಿನ ಎಣಿಸುತ್ತಾರೆ. ಅವಳು ಬಂದ ಮೇಲೆ ಎಲ್ಲವನ್ನೂ ಸರಿಮಾಡಲು ಹೊರಡುತ್ತಾಳೆ. ಒಂದು ಸಲ ಔಷಧಿ ಕಪಾಟು ಪೂರ್ತಿ ಬದಲಿಸಿದಳು, ಅಪ್ಪನ ಫೋನಿನಲ್ಲಿ ಏನೇನೋ ಹಾಕಿಕೊಟ್ಟಳು. ಅವಳು ಪ್ರೀತಿಯಿಂದಲೇ ಮಾಡಿದ್ದು. ಆದರೆ ಹೋದ ಮೇಲೆ ಅಪ್ಪನಿಗೆ ಯಾವುದೂ ಕೈಗೆ ಸಿಗಲಿಲ್ಲ. ಕಪಾಟನ್ನು ಮೊದಲಿನ ಹಾಗೆ ಜೋಡಿಸಲು ನನಗೆ ಒಂದು ವಾರ ಬೇಕಾಯ್ತು. ಆ ವಾರ ಅಪ್ಪ ಮಾತೇ ಆಡಲಿಲ್ಲ. ಅವಳ ಕೋಣೆಯ ದೀಪ ಹಾಕುವುದು, ಆರಿಸುವುದು, ಅಷ್ಟೇ.

ಹೋದ ವರ್ಷ ಅವಳು ಬೇರೆ ಥರ ಬಂದಳು. ಬಂದ ಮಾರನೇ ದಿನ ನನ್ನ ಹತ್ತಿರ ಕೂತು, "ನೀನು ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡ್ತೀಯ, ಬರೆಸು" ಅಂದಳು. ಹಳೆ ನೋಟ್‌ಬುಕ್ಕಿನಲ್ಲಿ ಮೂರು ಪುಟ ಆಯ್ತು. ಬಿಪಿ ನೋಡುವುದು, ಅಮ್ಮನ ಕಣ್ಣಿಗೆ ಹನಿ ಹಾಕುವುದು, ಸ್ನಾನದ ಮನೆಯ ನೆಲ ಒರೆಸುವುದು, ಬ್ಯಾಂಕಿನ ಸಾಲು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಮೂರನೇ ಪುಟದಲ್ಲಿ ಅವಳ ಪೆನ್ನು ನಿಂತಿತು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಐದು ದಿನ ನನ್ನನ್ನು ಗೆಳತಿಯ ಊರಿಗೆ ಕಳಿಸಿದಳು. ಏಳು ವರ್ಷದಲ್ಲಿ ನಾನು ಪೂರ್ತಿ ರಾತ್ರಿ ನಿದ್ದೆ ಮಾಡಿದ್ದು ಆವಾಗಲೇ.

ನಿಮ್ಮಪ್ಪನ ಹತ್ತಿರ ಯಾರಿದ್ದಾರೆ ಅಂತ ನೀವು ಬರೆದಿಲ್ಲ. ತಮ್ಮನೋ ನಾದಿನಿಯೋ ಕೆಲಸದವರೋ, ಯಾರೇ ಇದ್ದರೂ ಮೊದಲ ಎರಡು ದಿನ ಅವರು ಮಾಡುವುದನ್ನು ಸುಮ್ನೆ ನೋಡಿ. ಆಮೇಲೆ ಕೈ ಹಾಕಿ. ಮಾತ್ರೆ ಡಬ್ಬಿಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ವಾರದ ಹೆಸರು ಬರೆದು ಅಂಟಿಸಿ, ಅದು ಐದು ನಿಮಿಷದ ಕೆಲಸ. ಕೆಲವು ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಇಡಬಾರದು, ತೇವಕ್ಕೆ ಕೆಡುತ್ತವೆ. ಯಾವುದು ಅಂತ ಔಷಧಿ ಅಂಗಡಿಯಲ್ಲಿ ಕೇಳಿ. ಒಂದು ಹೊತ್ತಿನದು ತಪ್ಪಿದರೆ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಡಬ್ಬಿಯ ಪಕ್ಕದಲ್ಲೇ ಇಡಿ. ಎರಡೂ ಒಟ್ಟಿಗೆ ನುಂಗಿಬಿಡುವುದು ನಮ್ಮಪ್ಪನ ಅಭ್ಯಾಸವಾಗಿತ್ತು, ಬಿಡಿಸಲು ಸಾಕುಸಾಕಾಯ್ತು.

ಹಳೇಬೆಂಚು:

ಗೆಳತಿಯರ ವಿಷಯಕ್ಕೆ ಒಂದು ಮಾತು. ಎಲ್ಲರನ್ನೂ ಒಂದೊಂದು ಗಂಟೆ ನೋಡುವುದಕ್ಕಿಂತ ಇಬ್ಬರ ಜೊತೆ ಒಂದಿಡೀ ದಿನ ಕಳೆಯಿರಿ. ನಡುವೆ ಮಾತು ನಿಂತರೆ ಹೆದರಬೇಡಿ. ಬೇರೆಡೆ ಬಾಳಿ ಬಂದವರಿಗೆ ತಮ್ಮ ಊರಲ್ಲೇ ಮತ್ತೆ ಹೊಂದಿಕೊಳ್ಳುವ ಕಷ್ಟ ಇರುತ್ತದೆ ಅಂತ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಎಷ್ಟೋ ಹಗುರಾಯ್ತು. ಗೆಳೆಯ ಬದಲಾದ ಅಂತ ಮೂರು ವರ್ಷ ನೊಂದುಕೊಂಡಿದ್ದೆ. ಅವನೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದನಂತೆ.

ಕಿಟಕಿಸೀಟು:

ಎಲ್ಲರಿಗೂ ಮನಸಾರೆ ಧನ್ಯವಾದ. ಉಳಿದವಳು ಅವರೇ, ನಿಮ್ಮದನ್ನು ಮೂರು ಸಲ ಓದಿದೆ. ಅಪ್ಪನ ಹತ್ತಿರ ತಮ್ಮ, ಅವನ ಹೆಂಡತಿ ಇದ್ದಾರೆ. ಅವಳು ದಿನಾ ಏನು ಮಾಡುತ್ತಾಳೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ನಿನ್ನೆ ಫೋನ್ ಮಾಡಿ ಕೇಳಿದೆ. ಮೊದಲು "ಏನಿಲ್ಲ ಅತ್ತಿಗೆ" ಅಂದಳು. ಆಮೇಲೆ ಒಂದು ಗಂಟೆ ಮಾತಾಡಿದಳು. ಅವರಿಬ್ಬರೂ ನಾಲ್ಕು ದಿನ ಎಲ್ಲಾದರೂ ಹೋಗಿಬರಲಿ ಅಂತ ಮಾತಾಡಿಕೊಂಡೆವು.

ಅಪ್ಪ ನಾಲ್ಕೂಕಾಲಿಗೆ ಏಳುತ್ತಾರಂತೆ. ದೀಪ ಹಾಕಿದರೆ ಬೇರೆಯವರಿಗೆ ಎಚ್ಚರ ಆಗುತ್ತದೆ ಅಂತ ಕತ್ತಲಲ್ಲೇ ಕೂತಿರುತ್ತಾರಂತೆ. ಇದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಎರಡನೇ ಶನಿವಾರ ಎಲ್ಲರೂ ಮನೆಗೇ ಬರಲಿ ಅಂತ ಫೋನ್ ಶುರು ಮಾಡಿದ್ದೇನೆ. ಏಳು ಜನರಿಗೆ ಆಯ್ತು. ದೊಡ್ಡ ಚಿಕ್ಕಮ್ಮ ಮಾತ್ರ ಸ್ವಲ್ಪ ಮುನಿಸಿಕೊಂಡರು. ಅವರಿಗೆ ಮೊಣಕಾಲು ನೋವು, ಅವರ ಮನೆಗೆ ಅಪ್ಪನನ್ನು ಕರೆದುಕೊಂಡು ನಾನೇ ಹೋಗುತ್ತೇನೆ.

ಕೊನೆಗೆ ಅಪ್ಪನಿಗೂ ಹೇಳಿದೆ, ಈ ಸಲ ಜಾಸ್ತಿ ಎಲ್ಲೂ ಹೋಗಲ್ಲ ಅಂತ. ಫೋನನ್ನು ಕಿವಿಗೆ ಹಿಡಿದಿದ್ದರು, ನನಗೆ ಕಂಡಿದ್ದು ಅವರ ಕಿವಿ ಮತ್ತು ಬಿಳಿ ಕೂದಲು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಮಧ್ಯಾಹ್ನನೂ ಮನೇಲೇ ಇರ್ತೀಯಾ?" ಅಂದರು.

ಇರ್ತೀನಿ ಅಪ್ಪ ಅಂದೆ.