ಮೈನಸ್ 30ಕ್ಕೂ ಜಗ್ಗದ ಕರೆಂಟು ಮೈನಸ್ 15ಕ್ಕೇ ಯಾಕೆ ಹೋಗುತ್ತೆ?

ಇಬ್ಬನಿ ಕೇಳಿದ್ದು:

2021ರ ಫೆಬ್ರವರಿಯಲ್ಲಿ ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೆವು. 15ನೇ ತಾರೀಕು, ಸೋಮವಾರ ನಡುರಾತ್ರಿ ಕಳೆದ ಮೇಲೆ ಹೋದ ಕರೆಂಟು ಬಂದದ್ದು ಬುಧವಾರ ರಾತ್ರಿ. ಮಗುವಿಗೆ ಆಗ ನಾಲ್ಕು ತಿಂಗಳು. ಮನೆಯೊಳಗೇ 5 ಡಿಗ್ರಿ. ಸರದಿ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ತೆಗೆಯುತ್ತೇವೆ ಅಂದಿದ್ದರು, ನಮ್ಮ ಸರದಿ ಮುಗಿಯಲೇ ಇಲ್ಲ. ಎರಡು ಬೀದಿ ಆಚೆ ಆಸ್ಪತ್ರೆ ಇದ್ದ ಕಡೆ ಮಾತ್ರ ದೀಪ ಉರಿಯುತ್ತಲೇ ಇತ್ತು. ಬುಧವಾರ ಬಂದ ಕರೆಂಟೂ ಹತ್ತು ನಿಮಿಷಕ್ಕೆ ಹೋಗಿ, ಆಮೇಲೆ ಮತ್ತೆ ಬಂತು.

ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚಳಿಯಲ್ಲಿ ತಂತಿ ಕಾಯುವುದಿಲ್ಲ, ಟ್ರಾನ್ಸ್‌ಫಾರ್ಮರಿಗೂ ತಂಪು ಒಳ್ಳೆಯದೇ. ಹಾಗಾದರೆ ಕೆಟ್ಟದ್ದು ಏನು? ಕೆನಡಾದವರು ಮೈನಸ್ 30ರಲ್ಲಿ ಆರಾಮಾಗಿ ಇರುತ್ತಾರಲ್ಲ? ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದೇ ಕಾರಣ ಅಂತ ಕೆಲವರು ಹೇಳಿದರು. ನಿಜವಾ?

ಹಳೇಶಿಫ್ಟು:

ಇಬ್ಬನಿ ಅವರೇ, ನಾನು 31 ವರ್ಷ ಹಿಮ ಬೀಳುವ ಊರಿನ ಉಷ್ಣ ಸ್ಥಾವರದಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದವನು. ನನ್ನ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಒಂದು ಜನವರಿಯ ರಾತ್ರಿಪಾಳಿ. 200 ಮೆಗಾವ್ಯಾಟ್ ಯೂನಿಟ್ಟು ಇದ್ದಕ್ಕಿದ್ದಂತೆ ಟ್ರಿಪ್ ಆಯಿತು. ಬಾಯ್ಲರ್ ಸರಿ ಇತ್ತು, ಟರ್ಬೈನ್ ಸರಿ ಇತ್ತು. ಬಾಯ್ಲರಿನ ಡ್ರಮ್ಮಿನಲ್ಲಿ ನೀರೂ ಬೇಕಾದಷ್ಟೇ ಇತ್ತು. ಆ ನೀರಿನ ಮಟ್ಟವನ್ನು ಟ್ರಾನ್ಸ್‌ಮಿಟರಿಗೆ, ಅಂದರೆ ಅಳತೆಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಉಪಕರಣಕ್ಕೆ, ಮುಟ್ಟಿಸುವ ಬೆರಳು ದಪ್ಪದ ಇಂಪಲ್ಸ್ ಲೈನ್ ಎಂಬ ಕೊಳವೆ ಒಂದಿರುತ್ತದೆ. ಅದರಲ್ಲಿ ನೀರು ಹರಿಯುವುದಿಲ್ಲ, ನಿಂತೇ ಇರುತ್ತದೆ. ಆದ್ದರಿಂದ ಇಡೀ ಸ್ಥಾವರದಲ್ಲಿ ಮೊದಲು ಗಟ್ಟಿಯಾಗುವುದು ಅದೇ. ಅದಕ್ಕೆ ಸುತ್ತಿದ್ದ, ಕರೆಂಟಿನಿಂದ ಬೆಚ್ಚಗಿಡುವ ಹೀಟ್ ಟ್ರೇಸಿಂಗ್ ಕೇಬಲ್ಲಿನ ಬ್ರೇಕರನ್ನು ಬೇಸಿಗೆಯಲ್ಲಿ ಯಾರೋ ಆಫ್ ಮಾಡಿದವರು ಮತ್ತೆ ಹಾಕಿರಲಿಲ್ಲ. ಡ್ರಮ್ಮಿನಲ್ಲಿ ನೀರೇ ಇಲ್ಲ ಎಂಬ ಸುಳ್ಳು ಲೆಕ್ಕ ಕಂಟ್ರೋಲ್ ರೂಮಿಗೆ ಹೋಯಿತು, ಬಾಯ್ಲರ್ ತಾನಾಗಿಯೇ ಆರಿತು. ನೀರಿಲ್ಲದೆ ಉರಿದರೆ ಕೊಳವೆಗಳೇ ಕರಗಿಹೋಗುತ್ತವೆ, ಹಾಗಾಗಿ ಆರಿದ್ದು ನ್ಯಾಯವೇ. ಬಿಸಿಗಾಳಿ ಊದುವ ಬಂದೂಕು ಹಿಡಿದು ಆ ಒಂದು ಮಾರುದ್ದದ ಕೊಳವೆಯೊಳಗಿನ ಗಡ್ಡೆ ಕರಗಿಸಲು ನಮಗೆ ಬೆಳಗಾಯಿತು.

ನೀವು ಚಳಿಯಲ್ಲಿ ಕೂತಿದ್ದ ಆ ಸೋಮವಾರ ಸೌತ್ ಟೆಕ್ಸಸ್ ಪ್ರಾಜೆಕ್ಟ್ ಅಣುಸ್ಥಾವರದ 1ನೇ ಯೂನಿಟ್ಟು ನಿಂತದ್ದೂ ಹೀಗೇ. ರಿಯಾಕ್ಟರಿಗೆ ಏನೂ ಆಗಿರಲಿಲ್ಲ. ಹಬೆಯಾಗಬೇಕಾದ ನೀರನ್ನು ತಳ್ಳುವ ಫೀಡ್‌ವಾಟರ್ ಪಂಪಿನ ಒತ್ತಡ ಅಳೆಯುವ ಕೊಳವೆ ಹೆಪ್ಪುಗಟ್ಟಿತ್ತು. ಅಷ್ಟಕ್ಕೇ 1,200 ಮೆಗಾವ್ಯಾಟ್‌ಗಿಂತ ಹೆಚ್ಚು ಕೈಬಿಟ್ಟಿತು.

ನಮ್ಮಂಥ ಕಡೆ ಬಾಯ್ಲರ್, ಟರ್ಬೈನ್ ಎಲ್ಲ ಗೋಡೆ, ಮಾಡಿನ ಒಳಗೆ. ಟೆಕ್ಸಸ್‌ನಲ್ಲಿ ಬೇಸಿಗೆಯ ಕಾವು ಹೊರಹೋಗಲಿ ಅಂತ ಬಹಳಷ್ಟನ್ನು ಬಯಲಲ್ಲೇ ನಿಲ್ಲಿಸುತ್ತಾರೆ. ಗಾಳಿಯಂತ್ರದ ರೆಕ್ಕೆಗಳಿಗೂ ಮಂಜು ಕೂತದ್ದು ನಿಜ, ಆದರೆ ನಿಂತುಹೋದ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ಯಾಸಿನವು. ಗ್ಯಾಸ್ ಬಾವಿಯಿಂದ ಗ್ಯಾಸಿನ ಜತೆ ನೀರೂ ಮೇಲೆ ಬರುತ್ತದೆ. ಅದು ಬಾವಿಯ ಬಾಯಲ್ಲೇ ಹೆಪ್ಪುಗಟ್ಟಿ ದಾರಿ ಕಟ್ಟಿತು. ಗ್ಯಾಸನ್ನು ತಳ್ಳುವ ಕಂಪ್ರೆಸರುಗಳು ಎಷ್ಟೋ ಕಡೆ ಕರೆಂಟಿನವು. ಅವನ್ನು ಅತ್ಯಗತ್ಯ ಅಂತ ಪಟ್ಟಿಗೆ ಸೇರಿಸಿರಲಿಲ್ಲ, ಹಾಗಾಗಿ ಬೇಡಿಕೆ ತಗ್ಗಿಸಲು ಬಡಾವಣೆಗಳ ಕರೆಂಟ್ ಕಡಿಯುವಾಗ ಅವುಗಳದ್ದೂ ಹೋಯಿತು. ಕರೆಂಟಿಲ್ಲದೆ ಗ್ಯಾಸಿಲ್ಲ, ಗ್ಯಾಸಿಲ್ಲದೆ ಕರೆಂಟಿಲ್ಲ.

ಆಮೇಲೆ ಬಂದ ಸರಕಾರಿ ತನಿಖಾ ವರದಿಯ ಒಂದು ಸಾಲು ನನ್ನನ್ನು ಇನ್ನೂ ಚುಚ್ಚುತ್ತದೆ. ಹೆಪ್ಪುಗಟ್ಟಿ ನಿಂತ ಪ್ರಕರಣಗಳಲ್ಲಿ 81 ಶೇಕಡಾ ನಡೆದದ್ದು, ಇಷ್ಟು ಚಳಿಯವರೆಗೆ ತಡೆಯುತ್ತೇವೆ ಅಂತ ಆ ಸ್ಥಾವರಗಳೇ ಬರೆದುಕೊಟ್ಟಿದ್ದ ಮಟ್ಟಕ್ಕೆ ಚಳಿ ಇಳಿಯುವ ಮೊದಲೇ. ಕಾಗದದಲ್ಲಿ ತಡೆಯುತ್ತಿತ್ತು. ಆದರೆ ಬೀಸುಗಾಳಿ ಪೈಪಿನ ಬಿಸಿಯನ್ನು ಕಸಿಯುತ್ತದೆ, ಮಳೆಗೆ ನೆನೆದ ಇನ್ಸುಲೇಶನ್ ಒದ್ದೆ ಕಂಬಳಿಯಷ್ಟೇ ಉಪಯೋಗ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಲೋಡ್‌ಡೆಸ್ಕ್:

ಗ್ರಿಡ್ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿದ್ದೇನೆ, ಸರದಿ ಯಾಕೆ ಮುಗಿಯಲಿಲ್ಲ ಅನ್ನುವುದಕ್ಕೆ ಉತ್ತರಿಸುತ್ತೇನೆ. ಅಮೆರಿಕದ ಗ್ರಿಡ್ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಆವರ್ತದಲ್ಲಿ ಓಡಬೇಕು. ಬೇಡಿಕೆಗಿಂತ ಉತ್ಪಾದನೆ ಕುಸಿದರೆ ಜನರೇಟರುಗಳ ವೇಗ ಇಳಿಯುತ್ತದೆ, ಜತೆಗೆ ಈ ಹರ್ಟ್ಸೂ ಇಳಿಯುತ್ತದೆ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ 59.302ಕ್ಕೆ ಇಳಿಯಿತು, 59.4ರ ಕೆಳಗೆ 4 ನಿಮಿಷ 23 ಸೆಕೆಂಡು ಇತ್ತು. 9 ನಿಮಿಷ ಹಾಗೇ ಇದ್ದಿದ್ದರೆ ಜನರೇಟರುಗಳು ತಮ್ಮನ್ನು ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಂಡು ಇಡೀ ಗ್ರಿಡ್ ಮಲಗುತ್ತಿತ್ತು. ಅದನ್ನು ಸೊನ್ನೆಯಿಂದ ಎಬ್ಬಿಸಲು ವಾರಗಳೇ ಹಿಡಿಯಬಹುದಿತ್ತು. ಹಾಗಾಗಿ ಕಡಿದರು, ಒಂದು ಹಂತದಲ್ಲಿ 20,000 ಮೆಗಾವ್ಯಾಟ್. ಒಂದೊಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನಿಗೆ ಫೀಡರ್ ಅನ್ನುತ್ತೇವೆ. ಆಸ್ಪತ್ರೆಯಂಥವು ಇರುವ ಫೀಡರುಗಳನ್ನು ಮುಟ್ಟುವಂತಿಲ್ಲ. ಅವನ್ನು ಬಿಟ್ಟರೆ ಉಳಿದ ಫೀಡರುಗಳು ಎಷ್ಟು ಕಡಿಮೆ ಎಂದರೆ ಅದಲುಬದಲು ಮಾಡಲು ಏನೂ ಇರಲಿಲ್ಲ. ನಿಮ್ಮ ಬೀದಿ ಆ ಉಳಿದದ್ದರಲ್ಲಿ ಸಿಕ್ಕಿಕೊಂಡಿತು. ಪಕ್ಕದ ರಾಜ್ಯಗಳಿಂದ ತರಿಸೋಣವೆಂದರೆ ಟೆಕ್ಸಸ್‌ನ ಬಹುಪಾಲು ಗ್ರಿಡ್ ಪ್ರತ್ಯೇಕ, ಹೊರಗಿನ ಕೊಂಡಿಗಳು ತೀರಾ ಸಣ್ಣವು. ಪಶ್ಚಿಮದ ಗ್ರಿಡ್ಡಿಗೆ ಸೇರಿದ ಎಲ್ ಪಾಸೊ ಅದೇ ರಾಜ್ಯದಲ್ಲಿದ್ದೂ ಪಾರಾಯಿತು.

ಹತ್ತು ನಿಮಿಷಕ್ಕೆ ಮತ್ತೆ ಹೋದದ್ದು: ಮಾಮೂಲಿ ದಿನ ಒಂದು ಮನೆಯ ಹೀಟರ್ ಉರಿಯುವಾಗ ಇನ್ನೊಂದರದು ಆರಿರುತ್ತದೆ. ಎರಡು ದಿನ ತಣ್ಣಗಾದ ಬೀದಿಗೆ ಕರೆಂಟ್ ಕೊಟ್ಟರೆ ಎಲ್ಲ ಹೀಟರೂ ಒಟ್ಟಿಗೇ ಶುರುವಾಗಿ ಫೀಡರ್ ಟ್ರಿಪ್ ಆಗುತ್ತದೆ. ಮುಂದೆ ಹಾಗೆ ಹೋದರೆ ಮೇನ್ ಆಫ್ ಮಾಡಿಡಿ, ಬಂದ ಮೇಲೆ ಒಂದೊಂದಾಗಿ ಹಾಕಿ.

ಬಿಳಿಹಾದಿ:

ಕೆನಡಾ ಆರಾಮ ಅಂದಿರಲ್ಲ, ನಾನು ಕ್ವಿಬೆಕ್‌ನಲ್ಲಿರುವವಳು. 1998ರ ಜನವರಿಯಲ್ಲಿ ಇಲ್ಲಿ ಸುಮಾರು 1,000 ಉಕ್ಕಿನ ಟವರುಗಳು, 30,000ಕ್ಕೂ ಹೆಚ್ಚು ಮರದ ಕಂಬಗಳು ಉರುಳಿದವು. ಕೆಲವರ ಮನೆಗೆ ತಿಂಗಳು ಕಳೆದ ಮೇಲೆ ದೀಪ ಬಂತು. ಅದೂ ಮೈನಸ್ 30ರಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಮಳೆಯಾಗಿಯೇ ಬಿದ್ದು ತಂತಿ ಮುಟ್ಟಿದೊಡನೆ ಗಡ್ಡೆಯಾಗುವ ನೀರು ಅದು. ಒಂದು ಟವರ್ ಬಿದ್ದರೆ ತಂತಿಯ ಎಳೆತಕ್ಕೆ ಮುಂದಿನದ್ದೂ ಬೀಳುತ್ತದೆ. ಈಗ ಆ ಸಾಲು ಮುರಿಯಲು ನಡುನಡುವೆ ಗಟ್ಟಿ ಟವರ್ ನಿಲ್ಲಿಸಿದ್ದಾರೆ. ತಂತಿಯನ್ನೇ ಕಾಯಿಸಿ ಹಿಮಗಡ್ಡೆ ಬೀಳಿಸುವ ಡಿಸಿ (ಒಂದೇ ದಿಕ್ಕಿನ ಕರೆಂಟಿನ) ಯಂತ್ರ ಲೆವಿ ಸಬ್‌ಸ್ಟೇಷನ್ನಿನಲ್ಲಿದೆ.

ಇಬ್ಬನಿ:

ಎಲ್ಲರಿಗೂ ಧನ್ಯವಾದ. ಕೊಳವೆಯ ವಿಷಯ ಓದಿ ಸುಮ್ಮನೆ ಕೂತೆ. ಇದು ಮೊದಲೇ ಗೊತ್ತಿರಲಿಲ್ಲವಾ ಸರ್?

ಹಳೇಶಿಫ್ಟು:

ಗೊತ್ತಿತ್ತಮ್ಮ. 2011ರ ಫೆಬ್ರವರಿಯಲ್ಲೂ ಟೆಕ್ಸಸ್‌ನಲ್ಲಿ ಹೀಗೇ ಆಗಿತ್ತು. ಚಳಿಗೆ ಸಜ್ಜು ಮಾಡಿ ಅಂತ ಆಗಲೇ ಸಲಹೆ ಬಂದಿತ್ತು, ಸಲಹೆಯಾಗಿಯೇ ಉಳಿಯಿತು. ಕಾನೂನಾಗಿ ಕಡ್ಡಾಯವಾದದ್ದು 2021ರ ಜೂನ್‌ನಲ್ಲಿ, 246 ಜನ ಸತ್ತ ಮೇಲೆ. ಅದು ಸರಕಾರದ ಲೆಕ್ಕ.

ನಮ್ಮ ಸ್ಥಾವರದಲ್ಲಿ ಆ ರಾತ್ರಿಯ ನಂತರ ಪ್ರತಿ ಅಕ್ಟೋಬರಿನಲ್ಲಿ ಒಂದೊಂದು ಟ್ರೇಸಿಂಗ್ ಸರ್ಕ್ಯೂಟಿಗೂ ಕ್ಲಾಂಪ್ ಮೀಟರ್ ಹಿಡಿದು, ಕರೆಂಟ್ ಹರಿಯುತ್ತಿದೆ ಅಂತ ಖಾತ್ರಿಯಾದ ಮೇಲೆ ಹೆಸರು ಬರೆದು ಸಹಿ ಹಾಕುತ್ತಿದ್ದೆವು. 340 ಸರ್ಕ್ಯೂಟ್. ಇಬ್ಬರಿಗೆ ಒಂಬತ್ತು ದಿನದ ಕೆಲಸ.